ಬಾವಿಯ ಈಜುಗಾರ ಕಡಲಿಗಿಳಿದಾಗ

ತೆಂಗು ಕಡಲ ಮಗು. ಅಲೆಗಳ ಮೇಲೆ ದಿನಗಟ್ಟಲೆ ತೇಲಿ, ಕಂಡರಿಯದ ದಡವನ್ನು ಸೇರಿ, ಅಲ್ಲಿ ಮೊಳೆತು ಮರವಾಗುವ ಶಕ್ತಿಯನ್ನು ಪ್ರಕೃತಿ ಅದರ ಕಾಯಿಗೆ ಕೊಟ್ಟಿದೆ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗು ಕಡಲನ್ನು ಕಂಡುದಿಲ್ಲ. ಉಪ್ಪುಗಾಳಿಯ ಸೋಂಕೂ ಅದಕ್ಕಿಲ್ಲ. ಸಮುದ್ರಮಟ್ಟದಿಂದ ಸುಮಾರು ಎಂಟುನೂರು ಮೀಟರು ಮೇಲಿರುವ ಈ ಬಯಲುಸೀಮೆಯಲ್ಲಿ ಅದು ಕೆರೆಯ ತೇವವನ್ನೂ ಬಾವಿಯ ನೀರನ್ನೂ ನಂಬಿ ಬೆಳೆಯಿತು. ಅಲ್ಲಿಯ ಜನರೂ ಹಾಗೆಯೇ. ಅವರು ನೀರಿನೊಡನೆ ಸ್ನೇಹ ಬೆಳೆಸಿದುದು ತೋಟದ ಬಾವಿಯಲ್ಲಿ. ಹೆಚ್ಚೆಂದರೆ ಮಲ್ಲಾಘಟ್ಟದ ಕೆರೆಯಲ್ಲಿ, ಬೋರನಕಣಿವೆಯ ಹಿನ್ನೀರಿನಲ್ಲಿ.

ಒಣಗಿದ ತೆಂಗಿನಕಾಯಿಗಳೆರಡನ್ನು ಸಿಪ್ಪೆ ಸುಲಿಯದೆ ಹಗ್ಗದಿಂದ ಜೋಡಿಸಿ, ಹುಡುಗನ ಸೊಂಟಕ್ಕೆ ಕಟ್ಟಿ, ಬಾವಿಯ ಮೆಟ್ಟಿಲಿನಿಂದ ನೀರಿಗೆ ನೂಕಿಬಿಡುವುದು ಆ ಸೀಮೆಯ ಈಜುಶಾಲೆಯ ಮೊದಲ ಪಾಠವಾಗಿತ್ತು. ಕಾಯಿಗಳನ್ನು ಬಿಚ್ಚಿ ಎಸೆದ ದಿನ ಹುಡುಗ ಈಜುಗಾರನಾದ. ಮುಂದಿನ ಪರೀಕ್ಷೆ ಮುಳುಗು: ಉಸಿರು ಬಿಗಿಹಿಡಿದು ತಳವನ್ನು ಮುಟ್ಟಿ, ಒಂದು ಹಿಡಿ ಕೆಸರನ್ನು ಸಾಕ್ಷಿಯಾಗಿ ಮೇಲಕ್ಕೆ ತಂದು ತೋರಿಸಬೇಕು. ಕೊಳವೆಬಾವಿಗಳು ಬಂದ ಮೇಲೆ ಅಂತಹ ಬಾವಿಗಳಲ್ಲಿ ಅನೇಕವು ಬತ್ತಿವೆ. ಆದರೂ ಆ ವಿದ್ಯೆ ಅಳಿದಿಲ್ಲ. ತಂದೆಯಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ ಇನ್ನೂ ಹರಿದುಬರುತ್ತಿದೆ.

ಇಂತಹ ಬಾವಿಯ ಈಜುಗಾರನೊಬ್ಬ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಗೆಳೆಯರ ಸಂಗಡ ರಜೆಯಲ್ಲಿ ಮುರುಡೇಶ್ವರಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಉರುಳೆಯನ್ನು ಕಟ್ಟಿಕೊಂಡು ಕಡಲಿನ ತಳವನ್ನು ಕಾಣಲು ಹೊರಟರೆ ಏನಾಗುತ್ತದೆ? ಬಾವಿಯಲ್ಲಿ ಕಲಿತುದರಲ್ಲಿ ಯಾವುದು ಅಲ್ಲಿ ಕೈಹಿಡಿಯುತ್ತದೆ, ಯಾವುದು ಕೈಕೊಡುತ್ತದೆ? ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಪ್ರಾಣಕ್ಕೆ ಸಂಬಂಧಿಸಿದುದು.

ನೀರೊಳಗೆ ಉಸಿರಾಡುವ ಕನಸು

ನೀರಿನಲ್ಲಿ ನೆಲೆಯಾಗಿ ಕುಳಿತಿರಬೇಕೆಂಬುದು ಮಾನವನ ಹಳೆಯ ಕನಸು. ರನ್ನನ ಗದಾಯುದ್ಧವನ್ನು ಓದಿದವರಿಗೆ ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನ ನೆನಪು ಬಾರದಿರದು. ಅವನಿಗೆ ಮಂತ್ರಬಲವಿತ್ತು. ಮಂತ್ರವಿಲ್ಲದ ಮಾನವನಿಗೆ ಆ ಸೌಕರ್ಯ ಒದಗಿದುದು 1943ರಲ್ಲಿ. ಫ್ರಾನ್ಸಿನ ನೌಕಾಪಡೆಯ ಅಧಿಕಾರಿ ಝಾಕ್ ಕುಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾ ಇಬ್ಬರೂ ಕೂಡಿ 'ಆಕ್ವಾಲಂಗ್' ಎಂಬ ಸಾಧನವನ್ನು ನಿರ್ಮಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲಿಗೆ ಬರ ಬಂದಿದ್ದಾಗ ಮೋಟಾರುಗಳನ್ನು ಅನಿಲದಿಂದ ಓಡಿಸಲೆಂದು ಗಾನ್ಯಾ ಒಂದು ಕವಾಟವನ್ನು ಸಿದ್ಧಪಡಿಸಿದ್ದ. ಅದೇ ಕವಾಟ ರೂಪಾಂತರ ಹೊಂದಿ ಮುಳುಗುಗಾರನ ಬಾಯಿಗೆ ಬಂದಿತು. ಉರುಳೆಯಲ್ಲಿ ಒತ್ತಿ ತುಂಬಿದ ಗಾಳಿಯನ್ನು, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಸಮನಾಗಿ, ಎಳೆದಾಗಲೆಲ್ಲ ಬೇಕಾದಷ್ಟೇ ಒದಗಿಸುವುದು ಅದರ ಕೆಲಸ. ಇಂದಿನ 'ಸ್ಕೂಬಾ' ಸಾಧನಗಳೆಲ್ಲ ಅದರ ಸಂತತಿಯೇ.

ಕರ್ನಾಟಕದಲ್ಲಿ ಈ ವಿದ್ಯೆಯ ಪ್ರಸಿದ್ಧ ಕ್ಷೇತ್ರ ನೇತ್ರಾಣಿ. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ಕಡಿದಾದ ಬಂಡೆಗಳ ದ್ವೀಪವೊಂದಿದೆ. ಆಂಗ್ಲರು ಅದನ್ನು ಪಾರಿವಾಳದ ದ್ವೀಪವೆಂದು ಕರೆದರು. ಮೇಲೆ ಬಿಳಿಹೊಟ್ಟೆಯ ಕಡಲಹದ್ದುಗಳು ಸುತ್ತುತ್ತಿದ್ದರೆ, ಕೆಳಗೆ ಹವಳದ ಬಂಡೆಗಳ ನಡುವೆ ಗಿಳಿಮೀನು, ಚಿಟ್ಟೆಮೀನುಗಳು ಹಿಂಡುಹಿಂಡಾಗಿ ಸಂಚರಿಸುತ್ತವೆ. ಮುಂಗಾರಿನ ತಿಂಗಳುಗಳಲ್ಲಿ ಅತ್ತ ದೋಣಿ ಹೋಗುವಂತಿಲ್ಲ. ಮಳೆ ನಿಂತು ಕಡಲು ತಿಳಿಯಾದ ಮೇಲೆ, ಬೇಸಗೆಯ ಕೊನೆಯವರೆಗೆ ಅಲ್ಲಿ ಮುಳುಗುಗಾರರ ಕಾಲ. ಈಜು ಬಾರದವರನ್ನೂ ಶಿಕ್ಷಕರು ಕೈಹಿಡಿದು ಕೆಲವು ಮೀಟರುಗಳ ಆಳಕ್ಕೆ ಕರೆದೊಯ್ದು ತೋರಿಸುವುದುಂಟು. ಇಂತಹ ಮೊದಲ ಪರಿಚಯದ ಮುಳುಗಿಗೆ 12 ಮೀಟರು ಎಲ್ಲೆ. ಕ್ರಮವಾಗಿ ಶಿಕ್ಷಣ ಪಡೆದು ಪ್ರಮಾಣಪತ್ರ ಗಳಿಸಿದ ಹೊಸಬರಿಗೆ 18 ಮೀಟರು.

ಮರೆಯಬೇಕಾದ ಮೊದಲ ಪಾಠ

ಬಾವಿಯ ಮೊದಲ ನಿಯಮ: ಉಸಿರು ಕಟ್ಟು. ಸ್ಕೂಬಾದ ಮೊದಲ ನಿಯಮ: ಎಂದೆಂದಿಗೂ ಉಸಿರು ಕಟ್ಟಬೇಡ. ಇವೆರಡರ ನಡುವಿನ ವೈರುಧ್ಯವೇ ಬಾವಿಯ ಈಜುಗಾರನಿಗೆ ಕಾದಿರುವ ದೊಡ್ಡ ಅಪಾಯ.

ಕಾರಣ ಸರಳವಾದುದು. ಸಮುದ್ರದಲ್ಲಿ ಪ್ರತಿ 10 ಮೀಟರು ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತದೆ. ಒತ್ತಡ ಇಮ್ಮಡಿಯಾದರೆ ಗಾಳಿಯ ಗಾತ್ರ ಅರ್ಧವಾಗುತ್ತದೆ ಎಂಬುದನ್ನು ರಾಬರ್ಟ್ ಬಾಯ್ಲ್ 1662ರಲ್ಲಿಯೇ ತಿಳಿಸಿದ್ದಾನೆ. ಬಾವಿಯಲ್ಲಿ ಮುಳುಗುವವನು ದಡದ ಗಾಳಿಯನ್ನು ಎದೆಯಲ್ಲಿ ತುಂಬಿಕೊಂಡು ಇಳಿಯುತ್ತಾನೆ. ಆಳದಲ್ಲಿ ಅದು ಕುಗ್ಗುತ್ತದೆ, ಮೇಲೆ ಬರುವಾಗ ಮೊದಲಿನ ಗಾತ್ರಕ್ಕೆ ಮರಳುತ್ತದೆ. ಲೆಕ್ಕ ಸರಿಹೋಯಿತು. ಸ್ಕೂಬಾದವನಾದರೋ 10 ಮೀಟರು ಆಳದಲ್ಲಿಯೇ ಆ ಆಳದ ಒತ್ತಡದ ಗಾಳಿಯನ್ನು ಎದೆ ತುಂಬ ಎಳೆಯುತ್ತಾನೆ. ಅಲ್ಲಿಂದ ಉಸಿರು ಬಿಗಿಹಿಡಿದು ಮೇಲೆದ್ದರೆ ಐದು ಲೀಟರು ಗಾಳಿ ಹತ್ತು ಲೀಟರಾಗಲು ಹವಣಿಸುತ್ತದೆ. ಶ್ವಾಸಕೋಶ ರಬ್ಬರಿನ ಚೀಲವಲ್ಲ, ಹರಿಯುತ್ತದೆ. ಇದಕ್ಕೆ 10 ಮೀಟರೇ ಬೇಕೆಂದಿಲ್ಲ. ಎದೆ ತುಂಬಿ ಬಿಗಿಹಿಡಿದವನಿಗೆ ಆಳು ಮುಳುಗುವಷ್ಟು ನೀರಿನಲ್ಲಿಯೂ ಈ ಹಾನಿ ಆಗಬಲ್ಲದು.

ಆದುದರಿಂದ ಅನುಭವಿಗಳು ಹೊಸಬರಿಗೆ ಹೇಳಿಕೊಡುವುದು ಒಂದೇ ಮಂತ್ರ: ನಿಧಾನವಾಗಿ ಎಳೆ, ನಿಧಾನವಾಗಿ ಬಿಡು, ನಿಲ್ಲಿಸಬೇಡ. ಯಾವ ಕಾರಣದಿಂದಲಾದರೂ ರೆಗ್ಯುಲೇಟರು ಬಾಯಿಯಿಂದ ಜಾರಿದರೆ, ಅದನ್ನು ಮತ್ತೆ ಹಿಡಿಯುವವರೆಗೆ ತುಟಿಗಳ ನಡುವೆ ಸಣ್ಣ ಗುಳ್ಳೆಗಳ ಸಾಲನ್ನು ಬಿಡುತ್ತಿರಬೇಕು. ಗಾಬರಿಯಾದಾಗ ಬಾವಿಯವನ ದೇಹ ತಾನಾಗಿ ಮಾಡುವ ಕೆಲಸವೆಂದರೆ ಬಾಯಿ ಮುಚ್ಚಿ ಮೇಲಕ್ಕೆ ಚಿಮ್ಮುವುದು. ಬಾಲ್ಯದಲ್ಲಿ ಅವನನ್ನು ಕಾಪಾಡಿದ ಆ ಅಭ್ಯಾಸವೇ ಇಲ್ಲಿ ಅವನ ಶತ್ರು. ಕಲಿಯುವುದಕ್ಕಿಂತ ಕಲಿತುದನ್ನು ಮರೆಯುವುದು ಕಷ್ಟ. ಈಜು ಬಾರದವನು ಶಿಕ್ಷಕನ ಮಾತನ್ನು ಥಟ್ಟನೆ ಒಪ್ಪುತ್ತಾನೆ. ಈಜಬಲ್ಲವನು ತನ್ನ ಬಲವನ್ನು ನಂಬುತ್ತಾನೆ.

ಪ್ರಸಂಗವಶಾತ್ ಬಾವಿಯ ಆಟದ ಬಗೆಗೂ ಒಂದು ಮಾತನ್ನು ಹೇಳಬೇಕು. ಹೆಚ್ಚು ಹೊತ್ತು ಮುಳುಗಿರಬೇಕೆಂಬ ಪಂತದಲ್ಲಿ ಹುಡುಗರು ನೀರಿಗೆ ಇಳಿಯುವ ಮುನ್ನ ರಭಸದಿಂದ ಹತ್ತಾರು ಸಲ ಉಸಿರಾಡುವುದುಂಟು. ಉಸಿರು ಬೇಕೆಂದು ಮೆದುಳಿಗೆ ಕೂಗಿ ಹೇಳುವುದು ರಕ್ತದಲ್ಲಿ ಕೂಡಿದ ಇಂಗಾಲಾಮ್ಲ. ರಭಸದ ಉಸಿರಾಟದಿಂದ ಅದು ಕಡಿಮೆಯಾಗಿಬಿಟ್ಟರೆ ಎಚ್ಚರಿಕೆಯ ಗಂಟೆ ಬಾರಿಸುವ ಮೊದಲೇ ಪ್ರಾಣವಾಯು ತೀರಿ, ಹುಡುಗ ಸದ್ದಿಲ್ಲದೆ ನೀರಿನಲ್ಲಿ ಎಚ್ಚರ ತಪ್ಪುತ್ತಾನೆ. ಚೆನ್ನಾಗಿ ಈಜಬಲ್ಲವರೂ ಹೀಗೆ ಪ್ರಾಣ ಕಳೆದುಕೊಳ್ಳುವುದುಂಟು. ಮನೆಯ ಹಿರಿಯರು ಈ ಪಂತವನ್ನು ನಿಲ್ಲಿಸುವುದು ಲೇಸು.

ಕಿವಿಯ ಮಾತು ಕೇಳಬೇಕು

ಬಾವಿಯ ತಳದ ಕೆಸರನ್ನು ಮುಟ್ಟಿದವರೆಲ್ಲ ಕಿವಿಯ ನೋವನ್ನು ಬಲ್ಲರು. ಹಲ್ಲು ಕಚ್ಚಿ ಸಹಿಸಿಕೊಳ್ಳುವುದು ಅಲ್ಲಿಯ ಪದ್ಧತಿ. ಕ್ಷಣಮಾತ್ರದ ಮುಳುಗಿಗೆ ಅದು ನಡೆದೀತು. ಅರ್ಧಗಂಟೆ ಕೆಳಗಿರಬೇಕಾದ ಸ್ಕೂಬಾದಲ್ಲಿ ನಡೆಯದು. ಕಿವಿಯ ತಮ್ಮಟೆಯ ಹಿಂದಿರುವ ಗಾಳಿಯ ಕೋಣೆಗೆ ಗಂಟಲಿನಿಂದ ಒಂದು ಸಣ್ಣ ನಾಳವಿದೆ. ಮೂಗನ್ನು ಬೆರಳುಗಳಿಂದ ಹಿಡಿದು, ಬಾಯಿ ಮುಚ್ಚಿ, ಮೆಲ್ಲನೆ ಊದಿದರೆ ಆ ನಾಳ ತೆರೆದು ಒಳಗಿನ ಒತ್ತಡ ಹೊರಗಿನದಕ್ಕೆ ಸಮನಾಗುತ್ತದೆ. ಇಟಲಿಯ ವೈದ್ಯ ವಾಲ್ಸಾಲ್ವಾನ ಹೆಸರಿನಿಂದ ಈ ಉಪಾಯ ಪ್ರಸಿದ್ಧವಾಗಿದೆ.

ಇದರಲ್ಲಿ ಅನುಭವ ಕಲಿಸುವ ಗುಟ್ಟುಗಳು ಮೂರು. ಮೊದಲನೆಯದು, ನೋವು ಬರುವುದಕ್ಕೆ ಮುಂಚೆಯೇ ಊದಬೇಕು. ನೋವು ಬಂದ ಮೇಲೆ ನಾಳ ಬಿಗಿದುಕೊಳ್ಳುತ್ತದೆ. ಎರಡನೆಯದು, ಮೊದಲ ಕೆಲವು ಮೀಟರುಗಳಲ್ಲಿಯೇ ಗಾಳಿಯ ಗಾತ್ರ ಬಹಳವಾಗಿ ಬದಲಾಗುವುದರಿಂದ ಅಲ್ಲಿ ಅಡಿಗಡಿಗೂ ಊದಬೇಕು. ಮೂರನೆಯದು, ಕಿವಿ ತೆರೆಯದಿದ್ದರೆ ಬಲಪ್ರಯೋಗ ಕೂಡದು. ಒಂದೆರಡು ಅಡಿ ಮೇಲೇರಿ ಮತ್ತೆ ಪ್ರಯತ್ನಿಸಬೇಕು. ಆಗಲೂ ಆಗದಿದ್ದರೆ ಆ ದಿನಕ್ಕೆ ಸಾಕು. ನೆಗಡಿಯಾದಾಗ ಕಡಲಿಗೆ ಇಳಿಯಲೇಬಾರದು. ಮಾತ್ರೆ ನುಂಗಿ ಇಳಿದವರಿಗೆ ನೀರೊಳಗೆ ಮಾತ್ರೆಯ ಪ್ರಭಾವ ಮುಗಿದರೆ, ಮೇಲೇಳುವಾಗ ಗಾಳಿ ಹೊರಬರಲಾರದೆ ತೊಂದರೆಯಾಗುತ್ತದೆ. ದೋಣಿಗೆ ಕೊಟ್ಟ ಹಣ ಹೋಯಿತೆಂಬ ಮರುಕದಿಂದ ಕಿವಿಯನ್ನು ಕಳೆದುಕೊಳ್ಳುವುದು ಯಾವ ಲೆಕ್ಕ?

ತೇಲಲೂ ಕೂಡದು, ಮುಳುಗಲೂ ಕೂಡದು

ಸೊಂಟಕ್ಕೆ ಕಟ್ಟಿದ ಒಣಕಾಯಿ ತೇಲಿಸುತ್ತದೆ. ಮನ್ನಾರಿನ ಮುತ್ತುಗಾರರು ಕಾಲಿಗೆ ಆಸರೆಯಾಗಿ ಹಿಡಿಯುತ್ತಿದ್ದ ಕಲ್ಲು ಮುಳುಗಿಸುತ್ತದೆ. ಸ್ಕೂಬಾದ ಕಲೆಯೆಲ್ಲ ಇವೆರಡರ ನಡುವೆ ನಿಲ್ಲುವುದರಲ್ಲಿದೆ. ಮುಳುಗುಗಾರ ಸೀಸದ ತೂಕಗಳನ್ನು ಸೊಂಟಕ್ಕೆ ಕಟ್ಟಿಕೊಂಡಿರುತ್ತಾನೆ; ಗಾಳಿ ತುಂಬಬಲ್ಲ ಅಂಗಿಯನ್ನೂ ತೊಟ್ಟಿರುತ್ತಾನೆ. ಹೊಸಬರ ಸಾಮಾನ್ಯ ದೋಷವೆಂದರೆ ತೂಕವನ್ನು ಅತಿಯಾಗಿ ಕಟ್ಟಿಕೊಳ್ಳುವುದು. ಅದನ್ನು ಸರಿದೂಗಿಸಲು ಅಂಗಿಗೆ ಗಾಳಿ ತುಂಬುತ್ತಾರೆ. ಅದು ಹೆಚ್ಚಾಯಿತೆಂದು ಬಿಡುತ್ತಾರೆ. ಹೀಗೆ ಏರಿಳಿಯುವುದರಲ್ಲಿಯೇ ಅವರ ಹೊತ್ತೂ ಗಾಳಿಯೂ ಕಳೆದುಹೋಗುತ್ತವೆ.

ತೂಕ ಸರಿಯಾಗಿದೆಯೆ ಎಂದು ನೋಡಲು ಸುಲಭದ ಪರೀಕ್ಷೆಯಿದೆ. ಅಂಗಿಯ ಗಾಳಿಯನ್ನೆಲ್ಲ ಬಿಟ್ಟು, ಎದೆಯಲ್ಲಿ ಸಹಜವಾದ ಉಸಿರನ್ನಿಟ್ಟುಕೊಂಡು ನೇರವಾಗಿ ನಿಂತರೆ ನೀರಿನ ಮಟ್ಟ ಕಣ್ಣಿನ ನೇರಕ್ಕೆ ಬರಬೇಕು. ಉಸಿರು ಬಿಟ್ಟಾಗ ಮೆಲ್ಲನೆ ಮುಳುಗಬೇಕು. ಸಿಹಿನೀರಿನಲ್ಲಿ ಕಲಿತವನು ಕಡಲಿಗೆ ಬಂದಾಗ ಇನ್ನೂ ಸ್ವಲ್ಪ ತೂಕವನ್ನು ಕೂಡಿಸಬೇಕಾಗುತ್ತದೆ. ಉಪ್ಪುನೀರು ನೂರಕ್ಕೆ ಎರಡೂವರೆ ಪಾಲು ಹೆಚ್ಚು ಭಾರ. ಸಾಧನಸಮೇತ 80 ಕಿಲೋ ತೂಗುವವನಿಗೆ ಸುಮಾರು 2 ಕಿಲೋ ಹೆಚ್ಚು ಬೇಕು.

ಸಮತೋಲ ದೊರೆತ ಮೇಲೆ ಉಸಿರೇ ಚುಕ್ಕಾಣಿ. ಎಳೆದರೆ ಒಂದಿಷ್ಟು ಏರುತ್ತಾನೆ, ಬಿಟ್ಟರೆ ಒಂದಿಷ್ಟು ಇಳಿಯುತ್ತಾನೆ. ಇದರ ಪರಿಣಾಮ ಒಂದೆರಡು ಕ್ಷಣ ತಡವಾಗಿ ಕಾಣುವುದರಿಂದ ಅವಸರಪಡುವವನಿಗೆ ಈ ವಿದ್ಯೆ ಒಲಿಯದು. ಬಾವಿಯಲ್ಲಿ ಕೈ ಬಡಿದು ಈಜಿದವನು ಇಲ್ಲಿ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಬೇಕು. ಸೊಂಟದಿಂದ ಕಾಲನ್ನು ನೀಳವಾಗಿ ಆಡಿಸಬೇಕು. ಕಾಲಿಗೆ ತೊಟ್ಟ ಈಜುರೆಕ್ಕೆಗಳೇ ಮುಂದಕ್ಕೊಯ್ಯುತ್ತವೆ.

ಉರುಳೆಯಲ್ಲಿರುವ ಗಾಳಿಯ ಲೆಕ್ಕ

ಕೊಬ್ಬರಿಯ ವ್ಯಾಪಾರದಲ್ಲಿ ಬೆಳೆದವರಿಗೆ ಲೆಕ್ಕ ಹೇಳಿಕೊಡಬೇಕಾದ ಅಗತ್ಯವಿಲ್ಲ. 12 ಲೀಟರಿನ ಉರುಳೆಯಲ್ಲಿ 200 ವಾಯುಮಂಡಲದಷ್ಟು ಒತ್ತಿ ತುಂಬಿದರೆ 2,400 ಲೀಟರು ಗಾಳಿ. ನಿಮಿಷಕ್ಕೆ 20 ಲೀಟರು ಬಳಸುವವನಿಗೆ ದಡದಲ್ಲಿ ಅದು 120 ನಿಮಿಷ ಬಂದೀತು. 10 ಮೀಟರು ಆಳದಲ್ಲಿ ಪ್ರತಿ ಉಸಿರಿಗೂ ಇಮ್ಮಡಿ ಗಾಳಿ ಬೇಕಾಗುವುದರಿಂದ 60 ನಿಮಿಷ. 20 ಮೀಟರಿನಲ್ಲಿ 40 ನಿಮಿಷ. ಅದರಲ್ಲಿಯೂ ಕೊನೆಯ ಕಾಲುಭಾಗ ಆಪದ್ಧನ. ಅದನ್ನು ಮುಟ್ಟುವ ಮೊದಲೇ ಮೇಲೆ ಬಂದಿರಬೇಕು.

ಹೊಸಬರು ಗಾಬರಿಯಿಂದ ನಿಮಿಷಕ್ಕೆ 30-40 ಲೀಟರು ಎಳೆಯುವುದೂ ಉಂಟು; ಅವರ ಉರುಳೆ ಇತರರಿಗಿಂತ ಬೇಗ ಬರಿದಾಗುತ್ತದೆ. ಗಾಳಿಯನ್ನು ಉಳಿಸಲೆಂದು ಉಸಿರನ್ನು ತಡೆಹಿಡಿಯುವುದು ತಪ್ಪು ಮದ್ದು. ಅದರಿಂದ ತಲೆನೋವಷ್ಟೆ ಲಾಭ. ನಿಜವಾದ ಮದ್ದು ನಿಧಾನ. ವೇಗವಾಗಿ ಈಜದಿರುವುದು, ಹರಿವಿಗೆ ಎದುರಾಗಿ ಹೋರಾಡದಿರುವುದು, ತೂಕವನ್ನು ಸರಿಮಾಡಿಕೊಳ್ಳುವುದು, ಮೈ ಬೆಚ್ಚಗಿರುವ ಉಡುಪನ್ನು ತೊಡುವುದು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಮೈಯ ಶಾಖವನ್ನು ಕದಿಯುತ್ತದೆ. ನಡುಗುವ ಮೈ ಗಾಳಿಯನ್ನು ಹೆಚ್ಚು ಬೇಡುತ್ತದೆ.

ಹಾಳುಬಾವಿಗೆ ಇಳಿಯುವ ಮುನ್ನ ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು, ಆರಿದರೆ ಇಳಿಯಬಾರದೆಂದು ತಿಳಿಯುವುದು ಹಳ್ಳಿಯ ವಿವೇಕ. ಆ ವಿವೇಕ ಇಲ್ಲಿಯೂ ಬೇಕು. ದೋಣಿಯಲ್ಲಿ ಕುಳಿತಾಗಲೇ ಉರುಳೆಯ ಗಾಳಿಯನ್ನು ನಾಲ್ಕಾರು ಸಲ ಎಳೆದು ನೋಡಬೇಕು. ಎಣ್ಣೆಯ ವಾಸನೆಯೋ ಹೊಗೆಯ ರುಚಿಯೋ ಕಂಡರೆ ಆ ಉರುಳೆಯನ್ನು ಮುಟ್ಟಬಾರದು. ಎಳೆಯುವಾಗ ಒತ್ತಡಮಾಪಕದ ಮುಳ್ಳನ್ನೂ ನೋಡುತ್ತಿರಬೇಕು. ಉಸಿರಿನೊಡನೆ ಮುಳ್ಳು ಕುಣಿದರೆ ಉರುಳೆಯ ಬಾಯಿ ಪೂರ್ತಿ ತೆರೆದಿಲ್ಲವೆಂದು ಅರ್ಥ.

ಕಣ್ಣು, ಕಿವಿ, ಕೈಸನ್ನೆ

ನೀರೊಳಗೆ ಇಂದ್ರಿಯಗಳೇ ಸುಳ್ಳು ಹೇಳುತ್ತವೆ. ಮುಖಕವಚದ ಗಾಜಿನ ಮೂಲಕ ನೋಡಿದಾಗ ವಸ್ತುಗಳು ಇರುವುದಕ್ಕಿಂತ ಮೂರನೆಯ ಒಂದು ಪಾಲು ದೊಡ್ಡದಾಗಿಯೂ, ಕಾಲು ಪಾಲು ಹತ್ತಿರವಾಗಿಯೂ ತೋರುತ್ತವೆ. ಹೊಸಬರು ದಡಕ್ಕೆ ಬಂದು ಬಣ್ಣಿಸುವ ಮೀನಿನ ಗಾತ್ರದಲ್ಲಿ ಈ ಮೂರನೆಯ ಒಂದು ಪಾಲನ್ನು ಕಳೆದು ನಂಬಬೇಕು! ಕೆಂಪು ಬಣ್ಣ ಮೊದಲ ಕೆಲವು ಮೀಟರುಗಳಲ್ಲಿಯೇ ಮಾಯವಾಗುವುದರಿಂದ ಆಳದಲ್ಲಿ ಗಾಯವಾದರೆ ರಕ್ತ ಹಸುರಾಗಿ ಕಾಣುತ್ತದೆ. ಶಬ್ದ ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟು ವೇಗವಾಗಿ ನೀರಿನಲ್ಲಿ ಓಡುವುದರಿಂದ ದೋಣಿಯ ಸದ್ದು ಎತ್ತಣಿಂದ ಬಂದಿತೆಂದು ಕಿವಿ ಹೇಳಲಾರದು. ಆದ್ದರಿಂದ ಮೇಲೇಳುವಾಗ ತಲೆಯೆತ್ತಿ, ಸುತ್ತಲೂ ನೋಡಿಯೇ ಏಳಬೇಕು.

ಮುಖಕವಚದ ಗಾಜು ಮಂಜುಗಟ್ಟದಂತೆ ಒಳಗಡೆ ಉಗುಳನ್ನು ಸವರಿ ತೊಳೆಯುವುದು ಲೋಕದ ಮುಳುಗುಗಾರರೆಲ್ಲ ಒಪ್ಪಿದ ಪದ್ಧತಿ. ಮಡಿವಂತರು ಅಸಹ್ಯಪಟ್ಟರೂ ಇದಕ್ಕಿಂತ ಸುಲಭದ ಮದ್ದಿಲ್ಲ. ಹೊಸ ಕವಚವಾದರೆ ಮೊದಲು ಹಲ್ಲುಜ್ಜುವ ಪೇಸ್ಟಿನಿಂದ ತಿಕ್ಕಿ ಅದರ ಜಿಡ್ಡನ್ನು ತೆಗೆಯಬೇಕು. ನೀರು ಒಸರಿತೆಂದು ಪಟ್ಟಿಯನ್ನು ಬಿಗಿಮಾಡಿದರೆ ಅಂಚು ಸೊಟ್ಟಗಾಗಿ ಇನ್ನೂ ಒಸರುತ್ತದೆ. ಸಡಿಲವಾಗಿ ಕಟ್ಟುವುದೇ ಲೇಸು. ದಟ್ಟವಾದ ಮೀಸೆಯುಳ್ಳವರಿಗೆ ಸ್ವಲ್ಪ ನೀರು ಬಂದೇ ಬರುತ್ತದೆ. ತಲೆಯೆತ್ತಿ, ಕವಚದ ಮೇಲಂಚನ್ನು ಒತ್ತಿಹಿಡಿದು, ಮೂಗಿನಿಂದ ಉಸಿರು ಬಿಟ್ಟರೆ ನೀರು ಕೆಳಗಿನಿಂದ ಹೊರಹೋಗುತ್ತದೆ. ಇದನ್ನು ಕೊಳದಲ್ಲಿ ಹತ್ತು ಸಲ ಮಾಡಿ ಕಲಿತವನು ಕಡಲಿನಲ್ಲಿ ಗಾಬರಿಯಾಗುವುದಿಲ್ಲ.

ಮಾತಿಲ್ಲದ ಲೋಕದಲ್ಲಿ ಕೈಸನ್ನೆಯೇ ಭಾಷೆ. ಹೆಬ್ಬೆರಳು ತೋರುಬೆರಳುಗಳನ್ನು ಉಂಗುರದಂತೆ ಕೂಡಿಸಿದರೆ 'ಎಲ್ಲವೂ ಸರಿ'. ಹೆಬ್ಬೆರಳನ್ನು ಮೇಲೆತ್ತಿ ತೋರಿಸಿದರೆ 'ಮೇಲಕ್ಕೆ ಹೋಗೋಣ'. ದಡದಲ್ಲಿ ಹೆಬ್ಬೆರಳೆತ್ತಿ 'ಭೇಷ್' ಎನ್ನುವ ಅಭ್ಯಾಸವಿದ್ದವನು ಸಂತೋಷದಿಂದ ಹಾಗೆ ಮಾಡಿದರೆ ಶಿಕ್ಷಕ ಅವನನ್ನು ಮೇಲಕ್ಕೆ ಕರೆತಂದುಬಿಡುತ್ತಾನೆ! ಕನ್ನಡಿಗರ ತಲೆಯಾಡಿಸುವಿಕೆಯಂತೂ ಅಲ್ಲಿ ಯಾವ ಅರ್ಥವನ್ನೂ ಕೊಡದು.

ದೋಣಿಯ ಪ್ರಯಾಣಕ್ಕೂ ಕೆಲವು ಮಾತುಗಳಿವೆ. ಬಯಲುಸೀಮೆಯ ಹೊಟ್ಟೆಗೆ ಅಲೆಯ ಓಲಾಟ ಹೊಸದು. ಬೆಳಗ್ಗೆ ಎರಡು ಇಡ್ಲಿಯಷ್ಟು ಹಗುರವಾದ ಉಪಾಹಾರ ಸಾಕು, ಬರಿಹೊಟ್ಟೆಯೂ ಒಳ್ಳೆಯದಲ್ಲ. ದೋಣಿಯ ನಡುಭಾಗದಲ್ಲಿ ಕುಳಿತು ದಿಗಂತವನ್ನು ನೋಡುತ್ತಿರಬೇಕು. ಹಿಂದಿನ ರಾತ್ರಿ ಮದ್ಯ ಸರ್ವಥಾ ಕೂಡದು. ಮೈಯಲ್ಲಿ ನೀರಿನ ಅಂಶ ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಅದಕ್ಕೆ ಎಳನೀರಿಗಿಂತ ಹಿತವಾದ ಪಾನೀಯವನ್ನು ತೆಂಗಿನ ಸೀಮೆಯವರಿಗೆ ಹೇಳಿಕೊಡಬೇಕೆ?

ಮೇಲೇಳುವ ವಿದ್ಯೆ

ಉರುಳೆಯ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕ. ಆಳದ ಒತ್ತಡದಲ್ಲಿ ಅದು ರಕ್ತದಲ್ಲಿಯೂ ಮಾಂಸದಲ್ಲಿಯೂ ಕರಗುತ್ತದೆ. ಮೆಲ್ಲನೆ ಮೇಲೆದ್ದರೆ ಉಸಿರಿನೊಡನೆ ಹೊರಹೋಗುತ್ತದೆ. ಥಟ್ಟನೆ ಎದ್ದರೆ, ಸೋಡಾ ಸೀಸೆಯನ್ನು ತೆರೆದಾಗಿನಂತೆ, ಮೈಯೊಳಗೆಯೇ ಗುಳ್ಳೆಗಳಾಗುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯಕ್ಕಾಗಿ ಒತ್ತಡದ ಕೋಣೆಗಳಲ್ಲಿ ದುಡಿದವರು ಈ ರೋಗಕ್ಕೆ ತುತ್ತಾದರು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ತಾನೇ 1872ರಲ್ಲಿ ಅದರಿಂದ ಹಾಸಿಗೆ ಹಿಡಿದನು. ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ಮೇಕೆಗಳ ಮೇಲೆ ಪ್ರಯೋಗ ಮಾಡಿ, ಹಂತಹಂತವಾಗಿ ಮೇಲೇಳುವ ಕೋಷ್ಟಕಗಳನ್ನು 1908ರಲ್ಲಿ ಪ್ರಕಟಿಸಿದನು. ಭೀಮನ ಮೂದಲಿಕೆಗೆ ಕೆರಳಿ ಒಮ್ಮೆಗೇ ಮೇಲೆದ್ದ ಕೌರವನಿಗೆ ಈ ಕೋಷ್ಟಕ ದೊರೆತಿರಲಿಲ್ಲ!

ಇಂದಿನ ನಿಯಮ ಹೀಗಿದೆ: ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏಳಕೂಡದು, 5 ಮೀಟರು ಆಳದಲ್ಲಿ ಮೂರು ನಿಮಿಷ ನಿಂತು ಬರಬೇಕು. ತೆಂಗಿನ ಸೀಮೆಯವರಿಗೆ ಈ ತಾಳ್ಮೆ ಹೊಸದಲ್ಲ. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕಾಯಿಯನ್ನು ಹಾಗೆಯೇ ಬಿಟ್ಟು, ಒಳಗಿನ ನೀರು ತಾನಾಗಿ ಇಂಗಿ, ಉಂಡೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟು ಗುಡುಗುಡು ಸದ್ದು ಮಾಡುವವರೆಗೆ ಕಾಯುವವರು ಅವರು. ಮೂರು ನಿಮಿಷ ಯಾವ ದೊಡ್ಡದು?

ಆದರೆ ಕಡಲತೀರದವರಿಗಿಲ್ಲದ ಒಂದು ತೊಡಕು ಅವರಿಗಿದೆ. ಇದನ್ನು ಮನೆಮಂದಿಯೆಲ್ಲ ತಿಳಿದಿರಬೇಕು. ಮುಳುಗುಗಾರನಿಗೆ ದೋಣಿಯನ್ನು ಹತ್ತಿದ ಕೂಡಲೇ ಮೇಲೇಳುವುದು ಮುಗಿಯಲಿಲ್ಲ. ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟವನ್ನೇರಿ, ಸಾಗರ, ಶಿವಮೊಗ್ಗ, ಅರಸೀಕೆರೆಗಳ ಮಾರ್ಗವಾಗಿ ತಿಪಟೂರಿಗೆ ಬರುವ ದಾರಿ, ಅಂದರೆ ಹಿಂದೆ 206ನೆಯ ಸಂಖ್ಯೆಯಿದ್ದ ರಾಷ್ಟ್ರೀಯ ಹೆದ್ದಾರಿ, ಅವನನ್ನು ಇನ್ನೂ ಎಂಟುನೂರು ಮೀಟರಿಗೆ ಮಿಕ್ಕಿ ಮೇಲಕ್ಕೆ ಒಯ್ಯುತ್ತದೆ. ಅಲ್ಲಿ ವಾಯುಭಾರ ಸಮುದ್ರಮಟ್ಟಕ್ಕಿಂತ ಸುಮಾರು ಹತ್ತನೆಯ ಒಂದು ಪಾಲು ಕಡಿಮೆ. ಮೈಯಲ್ಲಿ ಉಳಿದ ಸಾರಜನಕಕ್ಕೆ ಇದೂ ಒಂದು ಏರಿಕೆಯೇ. ವಿಮಾನ ಹತ್ತುವ ಮುನ್ನ, ಒಂದೇ ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು ಕನಿಷ್ಠ 18 ಗಂಟೆ ಕಾಯಬೇಕೆಂದು ಮುಳುಗುಗಾರರ ಆರೋಗ್ಯವನ್ನು ನೋಡುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ ಹೇಳುತ್ತದೆ. ವಿಮಾನದೊಳಗಿನ ವಾಯುಭಾರ 2,000ದಿಂದ 8,000 ಅಡಿ ಎತ್ತರದ್ದಕ್ಕೆ ಸಮನಾಗಿದ್ದಾಗ ಅನ್ವಯಿಸುವ ಮಾತಿದು. ತಿಪಟೂರಿನ ಎತ್ತರ 2,800 ಅಡಿಯ ಸಮೀಪ. ಕೆಲವೇ ಮೀಟರು ಆಳದ ಮೊದಲ ಮುಳುಗಿನಲ್ಲಿ ಅಪಾಯ ಅಲ್ಪವೇ. ಆದರೂ ಮಧ್ಯಾಹ್ನ ದೋಣಿಯಿಂದ ಇಳಿದು ಸಂಜೆಗೇ ಘಟ್ಟದ ಬಸ್ಸನ್ನೇರುವುದಕ್ಕಿಂತ, ಒಂದು ರಾತ್ರಿ ಕಡಲತೀರದಲ್ಲಿ ತಂಗಿ, ಮರುದಿನ ಹೊರಡುವುದು ಬುದ್ಧಿವಂತಿಕೆ.

ಈ ರೋಗದ ಲಕ್ಷಣಗಳು ಗಂಟೆಗಳಾದ ಮೇಲೆ ಕಾಣಿಸಿಕೊಳ್ಳುವುದೂ ಉಂಟು: ಕೀಲುಗಳಲ್ಲಿ ನೋವು, ಕೈಕಾಲು ಜೋಮು, ಮೈ ತುರಿಕೆ, ತಲೆ ಸುತ್ತು, ಕಾರಣವಿಲ್ಲದ ಅತಿ ಆಯಾಸ. ಊರಿಗೆ ಬಂದವನು ಇವನ್ನೆಲ್ಲ ರಾತ್ರಿಯ ಪ್ರಯಾಣದ ದಣಿವೆಂದು ತಳ್ಳಿಹಾಕಬಹುದು. ಮನೆಯವರು ಎಣ್ಣೆಸ್ನಾನ ಮಾಡಿಸಿ ಮಲಗಿಸಬಹುದು. ಹಾಗೆ ಮಾಡದೆ, ವೈದ್ಯರ ಬಳಿಗೆ ಹೋಗಿ, 'ಎರಡು ದಿನದೊಳಗೆ ಕಡಲಿನಲ್ಲಿ ಗಾಳಿಯುರುಳೆ ಕಟ್ಟಿಕೊಂಡು ಮುಳುಗಿದ್ದೆ' ಎಂಬ ಮಾತನ್ನು ಮೊದಲು ಹೇಳಬೇಕು. ಶುದ್ಧ ಪ್ರಾಣವಾಯುವನ್ನು ಕೊಡುವುದೂ, ಒತ್ತಡದ ಕೋಣೆಯಲ್ಲಿ ಇರಿಸುವುದೂ ಇದರ ಚಿಕಿತ್ಸೆ. ಆ ಒಂದು ಮಾತನ್ನು ಹೇಳದಿದ್ದರೆ ಚಿಕಿತ್ಸೆಯ ಹೊತ್ತು ಮೀರಿಹೋಗಬಹುದು.

ಅತಿಥಿಯ ಮರ್ಯಾದೆ

ಹವಳ ಕಲ್ಲಲ್ಲ, ಸಣ್ಣ ಸಣ್ಣ ಜೀವಿಗಳು ಕಟ್ಟಿಕೊಂಡ ಮನೆ. ಈಜುರೆಕ್ಕೆಯ ಒಂದು ಒದೆತದಿಂದ ಹಲವು ವರ್ಷಗಳ ಬೆಳವಣಿಗೆ ಮುರಿದುಬೀಳಬಹುದು. 2001ರಿಂದ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ನೆನಪಿಗೆಂದು ಒಂದು ತುಂಡನ್ನು ತರುವುದೂ ಅಪರಾಧ. ಬಾವಿಯ ತಳದಿಂದ ಕೆಸರನ್ನು ತಂದು ತೋರಿಸಿದ ಹುಡುಗ ಕಡಲಿನ ತಳದಿಂದ ಬರಿಗೈಯಲ್ಲಿ ಬರಬೇಕು. ಇದು ಮೀನಿಗೆ ಮಾತ್ರವಲ್ಲ, ಅವನಿಗೂ ಕ್ಷೇಮ. ಸಿಂಹಮೀನಿನ ಸೊಗಸಾದ ರೆಕ್ಕೆಗಳ ಮುಳ್ಳುಗಳಲ್ಲಿ ವಿಷವಿದೆ. ಬಂಡೆಯ ಸಂದಿನಲ್ಲಿ ಹಾವಿನಂತಹ ಮೊರೆ ಮೀನು ಹೊಂಚಿರುತ್ತದೆ.

ಎಲ್ಲರಿಗೂ ಈ ವಿನೋದ ತಕ್ಕದ್ದಲ್ಲವೆಂಬುದನ್ನೂ ಮರೆಯಬಾರದು. ಉಬ್ಬಸವುಳ್ಳವರು, ಹೃದ್ರೋಗಿಗಳು, ಮೂರ್ಛೆಯ ರೋಗವಿರುವವರು, ಕಿವಿಯ ಶಸ್ತ್ರಚಿಕಿತ್ಸೆಯಾದವರು ವೈದ್ಯರ ಒಪ್ಪಿಗೆಯಿಲ್ಲದೆ ಇಳಿಯಬಾರದು. ಗರ್ಭಿಣಿಯರು ಇಳಿಯಲೇಬಾರದು. ದೋಣಿಯನ್ನು ಹತ್ತುವ ಮುನ್ನ ತುಂಬಬೇಕಾದ ಆರೋಗ್ಯಪತ್ರದಲ್ಲಿ, ಗೆಳೆಯರ ಮುಂದೆ ನಾಚಿಕೆಯಾದೀತೆಂದು 'ಇಲ್ಲ' ಎಂದು ಬರೆಯುವ ಸುಳ್ಳು ಬಹಳ ದುಬಾರಿಯಾದುದು.

ಮಗ ಕಡಲಿಗೆ ಇಳಿಯುತ್ತಾನೆಂದು ಕೇಳಿದ ತಾಯಿಯ ಮೊದಲ ಪ್ರಶ್ನೆ, 'ಯಾಕಪ್ಪಾ ಬೇಕು ಇದೆಲ್ಲ?' ಎಂಬುದೇ. ಆ ಪ್ರಶ್ನೆಯನ್ನು ನಕ್ಕು ತಳ್ಳಿಬಿಡಬೇಕಾಗಿಲ್ಲ. ಕಿವಿಯ ನೋವಿಗೆ, ಮಾಪಕದ ಮುಳ್ಳಿಗೆ, ಶಿಕ್ಷಕನ ಕೈಸನ್ನೆಗೆ ತಲೆಬಾಗಿ, 'ಇಂದು ಸಾಕು' ಎಂದು ಹೇಳಿ ದೋಣಿಗೆ ಮರಳಬಲ್ಲ ಮಗನ ತಾಯಿ ನಿಶ್ಚಿಂತೆಯಿಂದಿರಬಹುದು. ಬಾವಿಯಲ್ಲಿ ಗೆದ್ದವನು ತಳವನ್ನು ಮುಟ್ಟಿದವನು. ಕಡಲಿನಲ್ಲಿ ಗೆದ್ದವನು, ಎಲ್ಲಿಂದ ಹಿಂದಿರುಗಬೇಕೆಂದು ತಿಳಿದವನು.